ಎರಡನೇ ಬಸಿರಿಗೆ ಕುಬಸ ಇಲ್ಲ

ಮೊದಲನೇ ಬಸಿರಿನಲ್ಲಿ ಓಣಿಯೆಲ್ಲ ನಮ್ಮನ್ನು ವಿಚಾರಿಸುತ್ತಿತ್ತು. ಎಷ್ಟು ತಿಂಗಳಾಯ್ತು, ಏನು ಉಂಡಿ, ಬಯಕೆ ಏನು ಅಂತ. ಏಳನೇ ತಿಂಗಳಿಗೆ ತವರಿನಿಂದ ಹಸಿರು ಸೀರೆ, ಹಸಿರು ಬಳೆ ಬಂದವು. ಕುಬಸ ಮಾಡಿ, ಉಡಿ ತುಂಬಿ, ಹೆರಿಗೆಗೆ ಕರೆದುಕೊಂಡು ಹೋದರು. ಎರಡನೆಯದಕ್ಕೆ ನಮ್ಮ ಕಡೆ ಈ ಶಾಸ್ತ್ರ ಯಾವುದೂ ಇಲ್ಲ. 'ಒಂದು ಹಡದಾಕಿ, ಆಕಿಗೇನ್ ಹೇಳೂದೈತಿ' ಅಂದು ಮುಂದಕ್ಕೆ ಹೋಗುತ್ತಾರೆ.

ನಮಗೀಗ ಎಂಟು ತಿಂಗಳು ತುಂಬಿವೆ. (ಸುದ್ದಿ ಬರೆದು ಬರೆದು 'ನಾವು' ಅನ್ನೋದು ರೂಢಿಯಾಗಿದೆ. ಈ ವಿಷಯಕ್ಕಂತೂ ಆ ಮಾತು ಸರಿಯಾಗೇ ಹೊಂದುತ್ತದೆ. ಮನೆಯವರು, ಅತ್ತೆ, ನಾಲ್ಕು ವರ್ಷದ ಮಗಳು, ಒಳಗಿರುವ ಕೂಸು ಎಲ್ಲ ಸೇರಿ ನಾವು.)

ಒಮ್ಮೆ ಹಡೆದವರಿಗೆ ಎಲ್ಲ ಗೊತ್ತಿರುತ್ತದೆ ಅನ್ನೋದು ಅರ್ಧ ಸತ್ಯ. ಮೈಗೆ ನೆನಪಿರುತ್ತದೆ, ಆದರೆ ಎರಡನೇ ಸಲ ಮೈ ಬೇರೆ ಥರ ನಡೆದುಕೊಳ್ಳುತ್ತದೆ. ಹೊಟ್ಟೆ ಬೇಗ ಕಾಣಿಸಿತು. ಕೂಸು ಅಲುಗಾಡಿದ್ದು ಮೊದಲಿನದಕ್ಕಿಂತ ಎರಡು ಮೂರು ವಾರ ಮುಂಚೆಯೇ ತಿಳಿಯಿತು. ಏಳನೇ ತಿಂಗಳಿಂದಲೇ ಹೊಟ್ಟೆ ಕಲ್ಲಿನ ಹಾಗೆ ಬಿಗಿಯಾಗಿ ಮತ್ತೆ ಸಡಿಲಾಗುತ್ತದೆ. ಒಂದು ರಾತ್ರಿ ಇದೇ ನೋವು ಅಂದುಕೊಂಡು ಮನೆಯವರು ಗಾಡಿ ಹೊರಗೆ ತೆಗೆದರು. ಎದ್ದು ನಾಲ್ಕು ಹೆಜ್ಜೆ ನಡೆದಾಡಿ, ನೀರು ಕುಡಿದು ಎಡಗಡೆ ಮಲಗಿದಾಗ ಬಿಟ್ಟಿತು. ನಿಜವಾದ ಹೆರಿಗೆ ನೋವು ಹಾಗೆ ಬಿಡುವುದಿಲ್ಲ. ಬರಬರುತ್ತ ಹತ್ತಿರ ಹತ್ತಿರ ಬರುತ್ತದೆ, ಜೋರಾಗುತ್ತದೆ.

ನಮ್ಮನ್ನು ಹೆದರಿಸಿದ್ದು ರಕ್ತ. ಏಳನೇ ತಿಂಗಳ ತಪಾಸಣೆಯಲ್ಲಿ ಹಿಮೋಗ್ಲೋಬಿನ್ 8.4 ಬಂತು. ಗರ್ಭಿಣಿಗೆ 11 ಇರಬೇಕು. 7ಕ್ಕಿಂತ ಕೆಳಗೆ ಹೋದರೆ ಅದು ತೀವ್ರ ರಕ್ತಹೀನತೆ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಇರುತ್ತದೆ, 2016ರಿಂದ ನಡೆದಿದೆ. ಅವತ್ತು ಡಾಕ್ಟರಮ್ಮ ತಾಯಿ ಕಾರ್ಡ್ ತಿರುವಿ ನೋಡಿ, 'ಹೆರಿಗೆ ವೇಳೆ ಎಲ್ಲರಿಗೂ ರಕ್ತ ಹೋಗ್ತದೆ. ನಿಮ್ಮ ಹತ್ರ ಕಳಕೊಳ್ಳೋಕೆ ಉಳಿದಿರೋದೇ ಕಡಿಮೆ' ಅಂದರು. ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಮಗಳು ಪಕ್ಕದಲ್ಲಿ ನಮ್ಮ ಸೆರಗು ಹಿಡಿದು ಮಲಗಿದ್ದಳು.

ಗುಳಿಗೆ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಓಣಿಯ ಅರ್ಧ ಗುಳಿಗೆ ಕಪಾಟಿನಲ್ಲೇ ಇವೆ. ಕಬ್ಬಿಣದ ಗುಳಿಗೆ ನುಂಗಿದರೆ ಸಂಡಾಸು ಕಪ್ಪಗಾಗುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ. ಕೆಲವರಿಗೆ ಹೊಟ್ಟೆ ತೊಳೆಸುತ್ತದೆ, ಮಲಬದ್ಧತೆ ಆಗುತ್ತದೆ, ಅದಕ್ಕೇ ಬಿಟ್ಟುಬಿಡುತ್ತಾರೆ. ನಮ್ಮ ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಮೊದಲು ಚಹಾದ ಬಟ್ಟಲು ಎಲ್ಲಿದೆ ಅಂತ ನೋಡುತ್ತಾಳೆ. 'ಅಕ್ಕಾರ, ಗುಳಿಗಿ ಮ್ಯಾಲ ಚಾ ಕುಡದ್ರ ಗುಳಿಗಿ ನೀರಾಗ ಹಾಕ್ದಂಗ ರೀ.' ಚಹಾ, ಹಾಲು, ಕ್ಯಾಲ್ಸಿಯಂ ಗುಳಿಗೆ ಇವು ಮೂರೂ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಲಿಂಬೆಹುಳಿ ಹತ್ತಿಸುತ್ತದೆ. ಹಾಗಾಗಿ ಕಬ್ಬಿಣದ್ದು ರಾತ್ರಿ ಲಿಂಬೆ ಪಾನಕದ ಜೊತೆ, ಕ್ಯಾಲ್ಸಿಯಂ ಬೆಳಿಗ್ಗೆ ಮತ್ತು ಮಧ್ಯಾಹ್ನ ಉಂಡ ಮೇಲೆ ಅಂತ ಮನೆಯವರು ಗೋಡೆಗೆ ಚೀಟಿ ಅಂಟಿಸಿದ್ದಾರೆ. ಅತ್ತೆಗೆ ಓದಲು ಬರುವುದಿಲ್ಲ, ಆದರೆ ಚೀಟಿ ನೋಡಿ ಗುಳಿಗೆ ಕೈಗೆ ಕೊಡುವುದು ಅವರೇ.

ನಮಗೆ ಗುಳಿಗೆಯಷ್ಟೇ ಸಾಕಾಗಲಿಲ್ಲ. ದಿನ ಬಿಟ್ಟು ದಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ ಐದು ಸಲ ಕಬ್ಬಿಣದ ಸಲೈನ್ ಹಾಕಿಸಿಕೊಂಡೆವು. ಹದಿನಾಲ್ಕು ಕಿಲೋಮೀಟರ್ ಬಸ್ಸು, ವಾಪಸು ಟಂಟಂ. ತಿಂಗಳ ನಂತರ 10.2 ಬಂದಿದೆ. ಡಾಕ್ಟರಮ್ಮ ನಗಲಿಲ್ಲ, 'ಇನ್ನೂ ಏರಬೇಕು' ಅಂದರು. ನಾವು ಮಾತ್ರ ಬರುವಾಗ ಸಂತೆಯಲ್ಲಿ ಮಿರ್ಚಿ ತಿಂದೆವು.

ಮಧ್ಯಾಹ್ನದ ಊಟ ಅಂಗನವಾಡಿಯಲ್ಲಿ. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಶುರುವಾದಾಗ ಅದರ ಸುದ್ದಿ ಬರೆದವರೂ ನಾವೇ. ಈಗ ಅದೇ ಚಾಪೆಯ ಮೇಲೆ ತಟ್ಟೆ ಹಿಡಿದು 'ಫಲಾನುಭವಿ' ಆಗಿ ಕುಳಿತಿದ್ದೇವೆ. ಅನ್ನ ಸಾರಿಗಿಂತ ಅಲ್ಲಿಯ ಮಾತು ರುಚಿ. ಮೂರನೆಯದು ಹೊತ್ತವಳು, ಹತ್ತೊಂಬತ್ತಕ್ಕೇ ಮೊದಲನೆಯದು ಹೊತ್ತವಳು, ಎರಡು ಹೆಣ್ಣಾದ ಮೇಲೆ ಮತ್ತೆ ಹೊತ್ತು ಗಂಡನ ಮನೆಯ ಕಣ್ಣಿಗೆ ಹೆದರಿ ಕುಳಿತವಳು. ಆಕೆ ಊಟ ಮುಗಿಸಿ ತಟ್ಟೆ ತೊಳೆಯುತ್ತ ಹೇಳಿದ್ದು: 'ಅಕ್ಕಾ, ಇಲ್ಲಿ ಉಣ್ಣೂ ಮುಂದ ಯಾರೂ ಏನೂ ಕೇಳಂಗಿಲ್ಲ ನೋಡ್ರಿ.'

ಕೇಳುವವರು ಹೊರಗಿದ್ದಾರೆ. ಮೊದಲನೆಯದು ಹೆಣ್ಣು, ಹಾಗಾಗಿ ನಮ್ಮ ಹೊಟ್ಟೆ ಈಗ ಎಲ್ಲರ ಆಸ್ತಿ. ಚೂಪಾಗಿದೆ, ಗಂಡೇ ಅಂತಾರೆ. ಮುಖ ಕಳೆ ಏರಿದೆ, ಹೆಣ್ಣಿರಬೇಕು ಅಂತಾರೆ. ಮಗಳ ಬಾಯಲ್ಲಿ 'ನನ್ನ ತಮ್ಮ' ಅಂತ ತುಂಬಿಟ್ಟಿದ್ದರು. ಮನೆಯವರು ಸುಮ್ಮನೆ ಅದನ್ನು 'ನಮ್ಮ ಕೂಸು' ಮಾಡಿಸಲು ಎರಡು ವಾರ ಹಿಡಿಯಿತು. ಸ್ಕ್ಯಾನಿಂಗಿಗೆ ಹೋದಾಗ ಜೊತೆಗೆ ಬಂದಿದ್ದ ನೆಂಟರೊಬ್ಬರು 'ಸ್ವಲ್ಪ ಕೇಳಿ ನೋಡು' ಅಂದರು. ಹೇಳುವುದೂ ಕೇಳುವುದೂ 1994ರ ಕಾನೂನಿನಲ್ಲಿ ಅಪರಾಧ ಅಂತ ಎದುರಿಗಿದ್ದ ಬೋರ್ಡು ತೋರಿಸಿದೆವು. ಅವರಿಗೆ ಸಿಟ್ಟು ಬಂತು, ಬರಲಿ.

ಎರಡನೇ ಕೂಸು ಹೆಣ್ಣಾದರೆ ಮಾತೃವಂದನಾ ಯೋಜನೆಯಲ್ಲಿ 6,000 ರೂಪಾಯಿ ಬರುತ್ತದೆ, 2022ರ ಏಪ್ರಿಲ್‌ನಿಂದ ಹುಟ್ಟಿದವರಿಗೆ ಅಂತ ಅತ್ತೆಗೆ ಹೇಳಿದೆವು. ಅವರು ಎಲೆಗೆ ಸುಣ್ಣ ಸವರುತ್ತ, 'ಆರು ಸಾವಿರದಾಗ ಕಿವಿಗೆ ಬಂಗಾರ ಬರಂಗಿಲ್ಲ. ಬರಲಿ ಬಿಡು, ಯಾವುದಾದ್ರೂ ಕೈಕಾಲು ಚಲೋ ಇರಲಿ' ಅಂದರು. ಅಷ್ಟು ಅಂದಿದ್ದೇ ನಮಗೆ ಸಾಕಾಯಿತು.

ಕೆಲಸದ ಮಾತು. ಕಾನೂನಿನಲ್ಲಿ ಹೆರಿಗೆ ರಜೆ 26 ವಾರ, 2017ರ ತಿದ್ದುಪಡಿ. ಆ ಸುದ್ದಿಯನ್ನೂ ಬರೆದಿದ್ದೆವು. ಅದು ಸಂಬಳದ ಕೆಲಸದಲ್ಲಿ ಇದ್ದವರಿಗೆ. ನಮ್ಮದು ಸುದ್ದಿಗೆ ಇಷ್ಟು, ಫೋಟೋಗೆ ಇಷ್ಟು. ಎಂಟನೇ ತಿಂಗಳಲ್ಲಿ ಆಫೀಸಿನಿಂದ ಫೋನು: 'ಮೇಡಂ, ನೀವು ಆರಾಮ್ ತಗೊಳ್ಳಿ, ಒಬ್ಬ ಹುಡುಗನ್ನ ನೋಡಿದೀವಿ.' ದನಿಯಲ್ಲಿ ಕಾಳಜಿ ಇತ್ತು. ಮತ್ತೆ ಯಾವಾಗ ಬರಬೇಕು ಅನ್ನೋ ಮಾತು ಇರಲಿಲ್ಲ. ಹನ್ನೊಂದು ವರ್ಷ ಈ ತಾಲ್ಲೂಕಿನ ಕೆರೆ, ಸಂತೆ, ಪಂಚಾಯ್ತಿ ಸಭೆ ಎಲ್ಲ ಓಡಾಡಿ ಕಟ್ಟಿದ ನಂಬರುಗಳು ಈ ಫೋನಿನಲ್ಲಿವೆ. ಅದಕ್ಕೇ ಈಗಲೂ ಮಂಚದ ಮೇಲೆ ಕಾಲು ಎತ್ತಿಟ್ಟುಕೊಂಡು ಫೋನಿನಲ್ಲೇ ವಾರಕ್ಕೆ ಎರಡು ಸುದ್ದಿ ಕಳಿಸುತ್ತಿದ್ದೇವೆ. ಕಳೆದ ವಾರ ಒಂದು ಬಂತು, ಒಂದು ಬರಲಿಲ್ಲ.

ಮೊದಲನೇ ಹೆರಿಗೆಗೆ ಹದಿನೆಂಟು ತಾಸು ಹಿಡಿಯಿತು. ಎರಡನೆಯದು ಸಾಮಾನ್ಯವಾಗಿ ಬೇಗ ಆಗುತ್ತದೆ, ತಡ ಮಾಡಬೇಡಿ ಅಂತ ಡಾಕ್ಟರಮ್ಮ ಬರೆದು ಕೊಟ್ಟಿದ್ದಾರೆ. ತಲೆನೋವು ಬಂದು ಕಣ್ಣು ಮಂಜಾದರೆ, ಮುಖ ಊದಿದರೆ, ನೀರು ಹೋದರೆ, ರಕ್ತ ಕಂಡರೆ, ಕೂಸು ಅಲುಗಾಡೋದು ಕಡಿಮೆಯಾದರೆ ನೋವಿಗಾಗಿ ಕಾಯುವ ಹಾಗೂ ಇಲ್ಲ. ಉಂಡ ಮೇಲೆ ಎಡಕ್ಕೆ ಮಲಗಿ ಒದೆತ ಎಣಿಸುತ್ತೇವೆ. ಮಗಳೂ ಎಣಿಸುತ್ತಾಳೆ, ಅವಳಿಗೆ ಏಳರ ನಂತರ ನೇರ ಹತ್ತು.

108ರ ಜೊತೆಗೆ ಓಣಿಯ ಟಂಟಂ ಅಣ್ಣನ ನಂಬರೂ ಗೋಡೆಯ ಚೀಟಿಗೆ ಸೇರಿದೆ. ರಾತ್ರಿಯಾದರೂ ಎಬ್ಬಿಸಿ ಅಂದಿದ್ದಾನೆ. ರಕ್ತ ಬೇಕಾದರೆ ಕೊಡಲು ಮನೆಯವರ ಇಬ್ಬರು ಗೆಳೆಯರು ಒಪ್ಪಿದ್ದಾರೆ. ಚೀಲದಲ್ಲಿ ತಾಯಿ ಕಾರ್ಡ್, ಆಧಾರ್, ಪಾಸ್‌ಬುಕ್, ಹಳೇ ಹತ್ತಿ ಸೀರೆಯ ತುಂಡುಗಳಿವೆ. ಮಗಳು ಅದರಲ್ಲಿ ತನ್ನ ಒಂದು ಬಳೆಯನ್ನೂ ಹಾಕಿಟ್ಟಿದ್ದಾಳೆ. ತೆಗೆದರೆ ಅಳುತ್ತಾಳೆ ಅಂತ ಹಾಗೇ ಬಿಟ್ಟಿದ್ದೇವೆ.