ಸೊಂಟನೋವಿನ ಹಾಸಿಗೆ

1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಊರು ನಮ್ಮ ಭದ್ರಾವತಿ. ಊರಿನ ಗುಣವೋ ಏನೋ, ಮನೆಯ ಬೂರುಗದ ಹತ್ತಿಯ ಹಾಸಿಗೆಯೂ ಗಂಟುಗಟ್ಟಿ ಕಬ್ಬಿಣವೇ ಆಗಿತ್ತು. ಮಗಳು ಬಾಣಂತನಕ್ಕೆ ಬಂದಿದ್ದಳು. ಹೊಸ ಹಾಸಿಗೆ ತರೋಣವೆಂದರೆ ಅತ್ತೆಯವರು, "ಹುಟ್ಟೋಕೆ ಮುಂಚೆ ಮಗುವಿಗೆ ಏನೂ ತರಬಾರದು ಕಣೇ" ಎಂದರು. ಹಿಂದಿನ ವರ್ಷ ಬಸಿರು ನಿಲ್ಲದೆ ಹೋದ ಮೇಲೆ ಆ ಮಾತು ಮೀರುವ ಧೈರ್ಯ ನನಗೂ ಇರಲಿಲ್ಲ.

"ನನ್ನ ಸೊಂಟನೋವಿಗೆ ಅತ್ತೆ" ಎಂದು ಸುಳ್ಳು ಹೇಳಿ, ಮಗಳೊಂದಿಗೆ ಶಿವಮೊಗ್ಗದ ಬಸ್ಸು ಹತ್ತಿದೆ.

ಗಾಂಧಿಬಜಾರಿನ ಅಂಗಡಿಯಲ್ಲಿ ಫೋಮಿನ ಹಾಸಿಗೆ ಒತ್ತಿದೆ. ಬೆಣ್ಣೆಯಲ್ಲಿ ಇಳಿದಂತೆ ಅಂಗೈ ಇಳಿಯಿತು. "ಇದೇ ಇರಲಿ" ಎಂದೆ.

"ಬೇಡಮ್ಮ. ಮೆತ್ತನೆಯದರಲ್ಲಿ ಮಗುವಿನ ಮುಖ ಹೂತರೆ ಉಸಿರು ಕಟ್ಟುತ್ತೆ. ಹಾಸಿಗೆ ಗಟ್ಟಿಯಾಗಿ, ಮಟ್ಟಸವಾಗಿರಬೇಕು. ಅಂಗಾತ ಮಲಗಿಸಬೇಕು, ದಿಂಬೂ ಬೇಡ."

ಇಷ್ಟು ತಿಂಗಳಲ್ಲಿ ಅವಳು 'ಮಗು' ಎಂದದ್ದು ಅದೇ ಮೊದಲು. ನಾನು ಬೆಲೆಚೀಟಿ ನೋಡುವವಳಂತೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ.

ತೆಂಗಿನ ನಾರಿನ ಗಟ್ಟಿ ಹಾಸಿಗೆ ಮನೆಗೆ ಬಂತು. ಅತ್ತೆ ಒತ್ತಿ ನೋಡಿ, "ನಿನ್ನ ಸೊಂಟಕ್ಕೆ ಇಷ್ಟು ಅಗಲ ಬೇಕೇನೇ?" ಎಂದರು. ಮರುದಿನ ನೋಡಿದರೆ, ತಮ್ಮ ಹಳೆಯ ನೂಲಿನ ಸೀರೆಯನ್ನು ಚೌಕ ಚೌಕವಾಗಿ ಹರಿದು ಮಡಿಸಿಡುತ್ತಿದ್ದರು.

"ಏನತ್ತೆ ಇದು?"

"ನನ್ನ ಮಂಡಿನೋವಿಗೆ ಕಣೇ" ಎಂದರು.