ಚಳ್ಳಕೆರೆಯ ಎಣ್ಣೆ, ಮೊಳಕಾಲ್ಮೂರಿನ ಮಂಡಕ್ಕಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಕನ್ನಡ ನಾಡಿನಲ್ಲಿ ಅತಿ ಕಡಿಮೆ ಮಳೆ ಕಾಣುವ ಸೀಮೆಗಳ ಸಾಲಿಗೆ ಸೇರಿದವು. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ. ಅದೂ ನಂಬಿ ಕೂರುವಂತಹುದಲ್ಲ. ಶೇಂಗಾ, ರಾಗಿ, ಸಜ್ಜೆ, ನವಣೆ, ತೊಗರಿ, ಈರುಳ್ಳಿ ಇವು ಇಲ್ಲಿಯ ಬೆಳೆಗಳು. ನೀರಿನ ಆಸರೆ ಇರುವ ಕಡೆ ಮಾತ್ರ ಭತ್ತದ ಹಸಿರು ಕಾಣುತ್ತದೆ. ಇಂತಹ ಒಣನೆಲದಲ್ಲಿ ಅಕ್ಕಿಯಿಂದಾದ ಮಂಡಕ್ಕಿಯು ಮನೆಮನೆಯ ಬೆಳಗಿನ ಉಪಾಹಾರವಾಗಿ ನೆಲೆಸಿರುವುದನ್ನು ಕಂಡು ನಮಗೆ ಬಹುಕಾಲದಿಂದ ಕುತೂಹಲವಿತ್ತು. ಈಚೆಗೆ ಈ ಎರಡೂ ಊರುಗಳಿಗೆ ಹೋಗಿಬರುವ ಸಂದರ್ಭ ಒದಗಿದಾಗ ಅದನ್ನು ಕುರಿತು ವಿಚಾರಿಸಿದೆವು.

ಚಳ್ಳಕೆರೆಗೆ 'ಎಣ್ಣೆ ನಗರಿ' ಎಂದು ಹೆಸರು. ಎಣ್ಣೆ ಗಿರಣಿಗಳ ವ್ಯಾಪಾರ ಉಚ್ಛ್ರಾಯದಲ್ಲಿದ್ದಾಗ 'ಎರಡನೇ ಮುಂಬಯಿ' ಎಂದೂ ಜನ ಕರೆದರು. ನಾವು ಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ಬಸ್ಸು ಈ ಊರನ್ನು ಸಮೀಪಿಸುವಾಗಲೇ ಹುರಿದ ಶೇಂಗಾದ ಕಂಪು ಮೂಗಿಗೆ ಬಡಿಯುತ್ತಿತ್ತು. ದೇಶದಲ್ಲಿ ಎಣ್ಣೆಕಾಳಿನ ಇಳುವರಿ ಹೆಚ್ಚಿಸಲೆಂದು 1986ರಲ್ಲಿ ಸರ್ಕಾರ ಒಂದು ವಿಶೇಷ ಯೋಜನೆಯನ್ನೇ ಹಮ್ಮಿಕೊಂಡಿತ್ತು. ಆದರೆ 1994ರಲ್ಲಿ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಮಲೇಷಿಯಾ, ಇಂಡೊನೇಷಿಯಾಗಳಿಂದ ಹಡಗಿನಲ್ಲಿ ಬರುವ ಅಗ್ಗದ ಎಣ್ಣೆಯೊಡನೆ ಮಳೆಯಾಶ್ರಿತ ಶೇಂಗಾ ಸೆಣಸುವುದು ಸುಲಭವೇ? ನಾವು ಹೊಕ್ಕ ಕಿರಾಣಿ ಅಂಗಡಿಯ ಕಪಾಟಿನಲ್ಲಿ ತಾಳೆ, ಸೂರ್ಯಕಾಂತಿ ಎಣ್ಣೆಯ ಪಾಕೀಟುಗಳೇ ಮುಂದಿದ್ದವು. ಶೇಂಗಾ ಎಣ್ಣೆ ಕೇಳಿದ್ದಕ್ಕೆ ಅಂಗಡಿಯಾತ ನಕ್ಕು, "ಒಳ್ಳೇದು ಬೇಕಂದ್ರೆ ಗಾಣದ ಹತ್ರ ಹೋಗ್ರಿ ಯಜಮಾನ್ರೆ" ಎಂದನು. ಎಣ್ಣೆಯ ಊರಿನಲ್ಲಿ ಎಣ್ಣೆಯ ವಿಳಾಸ ಕೇಳಬೇಕಾಯಿತು!

ಚಳ್ಳಕೆರೆಯಿಂದ ಉತ್ತರಕ್ಕೆ ಮೊಳಕಾಲ್ಮೂರು ಸುಮಾರು 50 ಕಿಲೋಮೀಟರು. ದಾರಿಯಲ್ಲಿ ಪ್ರೊಫೆಸರ್ ಟಿ.ಎಸ್. ವೆಂಕಣ್ಣಯ್ಯನವರ ತಳಕು ಸಿಗುತ್ತದೆ. ಬಳಿಕ ಕಲ್ಲುಗುಡ್ಡಗಳ ಸಾಲು, ಕುರಿಮಂದೆಗಳು, ಬಯಲಿನಲ್ಲಿ ಶೇಂಗಾ ಹೊಲಗಳು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದುದು ವಾಚಕರಿಗೆ ತಿಳಿದೇ ಇದೆ. ಅವನ್ನು ಕುರಿತು ಬರೆಯಹೊರಟರೆ ಮಂಡಕ್ಕಿ ಆರಿಹೋದೀತು.

ಮೊಳಕಾಲ್ಮೂರು ರೇಷ್ಮೆ ಸೀರೆಯ ಊರು. ನಾವು ಇಳಿದುಕೊಂಡ ಮನೆಯಲ್ಲಿ ಯಜಮಾನರು ಕುಣಿ ಮಗ್ಗದಲ್ಲಿ ಕುಳಿತಿದ್ದರು. ಆ ತಾಯಿ ಪಕ್ಕದಲ್ಲೇ ಕಂಡಿಕೆ ಸುತ್ತುತ್ತಿದ್ದರು. ಅಂಚು, ಮೈ, ಅಂಚು ಎಂದು ಮೂರು ಲಾಳಿಗಳು ಓಡುವ ಸೀರೆಯದು. ಕಂಡಿಕೆ ಮುಗಿದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಕೂಲಿ ನಿಲ್ಲುತ್ತದೆ. ನಮ್ಮನ್ನು ಕಂಡು ಎದ್ದ ಅವರು, "ಗುರುಗಳೆ, ಪೂಜೆ ಮುಗಿಸ್ಕಳ್ರಿ. ರೊಟ್ಟಿಗೆ ಹೊತ್ತು ಹಿಡಿತೈತೆ, ಅಷ್ಟ್ರಾಗೆ ಮಂಡಕ್ಕಿ ಒಗ್ಗರಣೆ ಮಾಡ್ಕೊಡ್ತೀನಿ" ಎಂದರು. ನಾವು ಪೂಜೆ ಮುಗಿಸಿ ಬರುವಷ್ಟರಲ್ಲಿ ತಟ್ಟೆ ಸಿದ್ಧವಾಗಿತ್ತು. ನಮ್ಮ ಕುತೂಹಲಕ್ಕೆ ಉತ್ತರವೂ ಅದರಲ್ಲೇ ಇತ್ತು: ಮಗ್ಗದ ಮನೆಗೆ ಒಲೆಯ ಮುಂದೆ ಕೂರಲು ಸಮಯವಿಲ್ಲ.

ಅವರು ಹೇಳಿದ ಕ್ರಮವನ್ನು ಮನೆಯ ಹೆಣ್ಣುಮಕ್ಕಳಿಗೂ, ಒಬ್ಬಂಟಿಯಾಗಿ ಊರು ಬಿಟ್ಟು ಓದುವ ಹುಡುಗರಿಗೂ ಉಪಯೋಗವಾಗಲೆಂದು ಬರೆಯುತ್ತೇವೆ. ನಾಲ್ವರಿಗೆ 200 ಗ್ರಾಂ ಮಂಡಕ್ಕಿ ಸಾಕು. ಎರಡು ಹಿಡಿ ಪುಟಾಣಿಯನ್ನು ಒಂದು ತುಂಡು ಒಣಕೊಬ್ಬರಿ, ಎರಡು ಎಸಳು ಬೆಳ್ಳುಳ್ಳಿಯೊಡನೆ ಪುಡಿಮಾಡಿಟ್ಟುಕೊಳ್ಳಬೇಕು. ಬಾಣಲೆಯಲ್ಲಿ ನಾಲ್ಕು ಚಮಚ ಎಣ್ಣೆ ಕಾಯಿಸಿ, ಒಂದು ಹಿಡಿ ಶೇಂಗಾವನ್ನು ಮೊದಲು ಹುರಿದು, ಸಾಸಿವೆ, ಜೀರಿಗೆ, ಕರಿಬೇವು, ಸೀಳಿದ ಐದಾರು ಹಸಿಮೆಣಸಿನಕಾಯಿ ಹಾಕಬೇಕು. ಹೆಚ್ಚಿದ ಎರಡು ಈರುಳ್ಳಿ ಮೆತ್ತಗಾದ ಮೇಲೆ ಎರಡು ಟೊಮ್ಯಾಟೊ, ಅರಿಸಿನ. ಉಪ್ಪನ್ನು ಕೈಹಿಡಿದು ಹಾಕಬೇಕು. ಏಕೆಂದರೆ ಭಟ್ಟಿಯಲ್ಲಿ ಅಕ್ಕಿಗೆ ಉಪ್ಪುನೀರು ಸವರಿಯೇ ಕಾದ ಮರಳಿನಲ್ಲಿ ಹುರಿದಿರುತ್ತಾರೆ. ಒಗ್ಗರಣೆ ಸಿದ್ಧವಾದ ಮೇಲೆಯೇ ಮಂಡಕ್ಕಿ ನೀರಿಗೆ ಬೀಳಬೇಕು, ಮೊದಲಲ್ಲ. ನೀರಿನಲ್ಲಿ ಮುಳುಗಿಸಿ, ತೊಯ್ದ ಕೂಡಲೇ ಎರಡೂ ಅಂಗೈಗಳಿಂದ ಹಿಂಡಿ ಬಾಣಲೆಗೆ ಹಾಕುವುದು. ಒಂದು ಗಳಿಗೆ ಮರೆತರೆ ಅದು ಗಂಜಿಯೇ ಸರಿ. ಪುಟಾಣಿ ಪುಡಿ ಉದುರಿಸಿ ಕಲಸಿ, ಉರಿ ನಂದಿಸಿ, ನಿಂಬೆರಸ, ಕೊತ್ತಂಬರಿ ಸೇರಿಸಿದರೆ ಮುಗಿಯಿತು. ಜೊತೆಗೆ ಮೆಣಸಿನಕಾಯಿ ಬಜ್ಜಿ ಇದ್ದರೆ ಈ ಸೀಮೆಯ ಜನ ಬೇರೇನನ್ನೂ ಬಯಸರು. ಬಳ್ಳಾರಿ, ರಾಯದುರ್ಗದ ಕಡೆ ಇದನ್ನೇ ಉಗ್ಗಾಣಿ ಎನ್ನುತ್ತಾರೆ, ಧಾರವಾಡದ ಕಡೆ ಸೂಸಲ.

ನಮ್ಮ ಹಿರಿಯರಲ್ಲಿ ಕೆಲವರು 'ಅಂಗಡಿಯ ಪದಾರ್ಥ' ಎಂದರೆ ಮೂಗು ಮುರಿಯುವುದುಂಟು. ಬೀಸಿ, ಕುಟ್ಟಿ, ತಟ್ಟಿ ಮಾಡಿದ್ದೇ ಮನೆಯ ಅಡುಗೆ ಎಂಬುದು ಅವರ ವಾದ. ನಾವು ಅದನ್ನು ಪೂರ್ತಿ ಒಪ್ಪಲಾರೆವು. ಮಂಡಕ್ಕಿಯನ್ನು ಮನೆಯಲ್ಲಿ ಹುರಿಯುವವರು ಹಿಂದೆಯೂ ವಿರಳ. ದಾವಣಗೆರೆಯ ಭಟ್ಟಿಗಳೇ ಅದಕ್ಕೆ ಪ್ರಸಿದ್ಧ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಜಾತ್ರೆಗೆ ಹೋದವರು ಮಂಡಕ್ಕಿ, ಬೆಂಡು ಬತ್ತಾಸುಗಳನ್ನು ಅಂಗಡಿಯಿಂದಲೇ ತಾರದೆ ಮತ್ತೆಲ್ಲಿಂದ ತಂದಾರು? ಇಟಲಿ ದೇಶದಲ್ಲಿಯೂ ಅಂಗಡಿಯಿಂದ ತಂದ ಒಣಹಿಟ್ಟಿನ ಹಾಳೆಗಳನ್ನು ಸಾರು, ಗಿಣ್ಣುಗಳೊಡನೆ ಪದರಪದರವಾಗಿ ಜೋಡಿಸಿ ಬೇಯಿಸುವ 'ಲಸಾನ್ಯ' ಎಂಬ ಮನೆಯಡುಗೆ ಉಂಟು. ತಂದದ್ದು ಎಲ್ಲಿಂದಲಾದರೂ ಇರಲಿ, ಹದ ನೋಡಿ ಹಿಂಡುವ ಕೈ ಮನೆಯದೇ ಅಲ್ಲವೆ?

ಆದರೆ ಒಂದು ಮಾತು ನಮ್ಮನ್ನು ಕಾಡಿತು. ತಟ್ಟೆಯಲ್ಲಿ ಎಲ್ಲವೂ ಇತ್ತು, ಶೇಂಗಾ ಎಣ್ಣೆಯ ಕಂಪೊಂದು ಇರಲಿಲ್ಲ. ಮೆಲ್ಲಗೆ ವಿಚಾರಿಸಿದೆವು. ಆ ತಾಯಿ ಸಂಕೋಚಪಡದೆ ಹೇಳಿದರು: "ನಮ್ಮಣ್ಣನ ಹೊಲದಾಗೆ ಶೇಂಗಾನೇ ಬೆಳಿಯೋದು ಗುರುಗಳೆ. ಅದು ಕಿತ್ತ ಕೂಡ್ಲೆ ಮಂಡಿಗೆ ಹೋಗ್ತೈತೆ, ಸಾಲ ತೀರ್ಬೇಕಲ್ಲ. ನಾವು ಪಾಕೀಟಿನೆಣ್ಣೆ ತರ್ತೀವಿ." ಯಜಮಾನರು ಮಗ್ಗದಿಂದಲೇ, "ನೇಯೋ ಸೀರೆ ಉಡಾಕಾಗ್ತದಾ? ಇದೂ ಹಂಗೇ" ಎಂದು ನಕ್ಕರು. ನಮಗೆ ನಗೆ ಬರಲಿಲ್ಲ.

ನಾವು ಅವರಿಗೆ ಉಪದೇಶ ಮಾಡಲಿಲ್ಲ; ಕೂಲಿಯ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಅನುಕೂಲವಿರುವ ಕುಟುಂಬಗಳಿಗೆ ಹೇಳಬಹುದು. ಈ ತಿಂಡಿಗೆ ಬೇಕಾದುದು ನಾಲ್ಕೇ ಚಮಚ ಎಣ್ಣೆ. ಕರಿಯುವುದಕ್ಕೆ ಯಾವುದನ್ನಾದರೂ ಬಳಸಿ, ಒಗ್ಗರಣೆಗಾದರೂ ಗಾಣದ ಶೇಂಗಾ ಎಣ್ಣೆ ಇಟ್ಟುಕೊಳ್ಳಿ. ಚಳ್ಳಕೆರೆಯ ಕಡೆ ಹೋದಾಗ ಒಂದೆರಡು ಲೀಟರು ತನ್ನಿ. ಬಿಸಿಲು ತಾಗದ ಕಡೆ ಇಟ್ಟರೆ ಕೆಲವು ತಿಂಗಳು ಕೆಡುವುದಿಲ್ಲ. ತಳದಲ್ಲಿ ಮಡ್ಡಿ ನಿಂತರೆ ಬಸಿದುಕೊಳ್ಳಬೇಕು. ಉಳಿದ ಮಂಡಕ್ಕಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಮಳೆಗಾಲದಲ್ಲಿ ಮೆತ್ತಗಾದರೆ ಬಿಸಿ ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಎರಡು ನಿಮಿಷ ಆಡಿಸಿದರೆ ಮತ್ತೆ ಗರಿಗರಿಯಾಗುತ್ತದೆ.