ತಪ್ಪಿದ ಒಂದು ಎಳೆ

ರಬಕವಿ-ಬನಹಟ್ಟಿಯ ಮಗ್ಗದಲ್ಲಿ ಎಳೆ ಹರಿದರೆ ನೇಕಾರ ಮಗ್ಗ ನಿಲ್ಲಿಸಿ ಗಂಟು ಹಾಕಿಯೇ ಮುಂದೆ ನೇಯುತ್ತಾನೆ. ಎಚ್.ಐ.ವಿ. ವೈರಸ್ಸು ಇಂಥ ನೇಕಾರನಲ್ಲ. ತನ್ನ ನಕಲು ತಾನೇ ನೇಯುವಾಗ ಅದು ಮೇಲಿಂದ ಮೇಲೆ ಎಳೆ ತಪ್ಪಿಸುತ್ತದೆ. ತಿದ್ದುವ ಗೋಜಿಗೆ ಹೋಗುವುದಿಲ್ಲ.

ತಪ್ಪಿದ ನಕಲುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬಾರವು. ಆದರೆ ಚಿಕಿತ್ಸೆಯಿಲ್ಲದ ದೇಹದಲ್ಲಿ ದಿನಕ್ಕೆ ನೂರಾರು ಕೋಟಿ ವೈರಸ್ಸುಗಳು ಹುಟ್ಟುವಾಗ, ಯಾವುದೋ ಒಂದು ತಪ್ಪು ವೈರಸ್ಸಿಗೇ ವರವಾಗುತ್ತದೆ. ನಕಲು ಮಾಡುವ ಕಿಣ್ವದ 184ನೆಯ ಸ್ಥಾನದಲ್ಲಿ ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ಲ್ಯಾಮಿವುಡಿನ್ ಎಂಬ ಔಷಧ ಸೋಲುತ್ತದೆ. ರೋಗನಿರೋಧಕ ಶಕ್ತಿ ಕುಂದಿದ ದೇಹದಲ್ಲಂತೂ ಔಷಧ ಒಂಟಿಯಾಗಿಯೇ ಹೋರಾಡಬೇಕು.

1987ರಲ್ಲಿ ಬಳಕೆಗೆ ಬಂದ ಮೊದಲ ಔಷಧ ಜಿಡೋವುಡಿನ್‌ಗೆ ಬಗ್ಗದ ವೈರಸ್ಸು 1989ರಲ್ಲೇ ಕಂಡುಬಂತು. ಒಂದು ಔಷಧದಿಂದ ತಪ್ಪಿಸಿಕೊಂಡದ್ದು ಇನ್ನೆರಡರ ಕೈಗೆ ಸಿಗಲೆಂದು 1996ರ ಸುಮಾರಿಗೆ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಬಂತು.

ಜಮಖಂಡಿ, ಮುಧೋಳ, ಬೀಳಗಿಯವರಿಗೆ ಇದು ದೂರದ ಸುದ್ದಿಯಲ್ಲ. 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ನೂರು ವಯಸ್ಕರಿಗೆ ಸುಮಾರು ಮೂವರಲ್ಲಿ ಈ ಸೋಂಕು ಕಂಡಿತ್ತು. 2004ರ ಏಪ್ರಿಲ್ 1ರಿಂದ ಸರ್ಕಾರ ದೇಶದಲ್ಲಿ ಉಚಿತ ಎ.ಆರ್.ಟಿ. ಚಿಕಿತ್ಸೆ ಆರಂಭಿಸಿತು. ಬದುಕುವ ದಾರಿ ತೆರೆಯಿತು.

ಮಾತ್ರೆ ಉಚಿತವಾಗಿರುವಾಗ ಅದು ತಪ್ಪುವುದೇಕೆ? ಮರೆವಿನಿಂದ ಮಾತ್ರವಲ್ಲ. ಕಬ್ಬು ಕಡಿಯಲು ಗುಂಪಿನೊಡನೆ ಹೋದವನು ಎಲ್ಲರೆದುರು ಡಬ್ಬಿ ತೆರೆಯಲು ಅಂಜುತ್ತಾನೆ. ಮದುವೆ ಮನೆಗೆ ಹೋದ ಸೊಸೆ ಮಾತ್ರೆಯನ್ನು ಊರಲ್ಲೇ ಬಿಟ್ಟು ಹೋಗುತ್ತಾಳೆ. ಹೀಗೆ ದಿನಗಳು ತಪ್ಪಿದಾಗ ರಕ್ತದಲ್ಲಿ ಔಷಧ ಅರೆಬರೆಯಾಗಿ ಉಳಿಯುತ್ತದೆ. ಅದು ಬಗ್ಗುವ ವೈರಸ್ಸನ್ನು ತಡೆದು, ಬಗ್ಗದ್ದಕ್ಕೆ ಮೈದಾನ ತೆರವು ಮಾಡಿಕೊಡುತ್ತದೆ. ಆ ಬಗ್ಗದ ವೈರಸ್ಸು ಮತ್ತೊಬ್ಬರಿಗೂ ದಾಟಬಲ್ಲದು.

ಈಗ ನಮ್ಮ ದೇಶದಲ್ಲಿ ಕೊಡುವ ಡೊಲುಟೆಗ್ರಾವಿರ್ ಸೇರಿದ ದಿನಕ್ಕೊಂದು ಮಾತ್ರೆಗೆ ವೈರಸ್ಸು ಸುಲಭವಾಗಿ ಬಗ್ಗದೆ ಇರಲಾರದು. ಆದರೂ ತಪ್ಪದೆ ನುಂಗಿದರೇ ಅದಕ್ಕೆ ಬೆಲೆ. ಹಾಗೆ ನುಂಗಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಕುಗ್ಗಿಯೇ ಉಳಿದವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ.

ಜೊತೆಗೆ ಕೂತು ಉಂಡರೆ, ಕೈ ಹಿಡಿದರೆ ಈ ಸೋಂಕು ತಗಲದೆಂದು ಶಾಲೆಯ ಮಕ್ಕಳೂ ಬಲ್ಲರು. ಅದನ್ನು ಅವರು ಮನೆಯಲ್ಲಿ ಹೇಳಲಿ, ಹಿರಿಯರು ಕೇಳಲಿ. ನೆರೆಯವರ ಕಣ್ಣಿಗೆ ಅಂಜಿ ಡಬ್ಬಿ ಮುಚ್ಚಿಡುವ ಪ್ರಸಂಗ ಬರದಿದ್ದರೆ, ಮಾತ್ರೆಯೂ ತಪ್ಪದು.